200 ಡಾಲರ್ ಪಿಸ್ತೂಲನ್ನು ನಂಬಬಹುದಾ?

ಪ್ರಶ್ನೆ: ನಮ್ಮದು ಕೊಡಗು. ಮನೆಯಲ್ಲಿ ಅಜ್ಜನ ಕಾಲದ ತೋಟಾ ಕೋವಿ ಇತ್ತು, ಹಾಗಾಗಿ ಬಂದೂಕು ನನಗೆ ಹೊಸದಲ್ಲ. ಈಗ ಟೆಕ್ಸಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಶೂಟಿಂಗ್ ರೇಂಜಿನಲ್ಲಿ ಅಭ್ಯಾಸಕ್ಕೆ, ಮನೆಯಲ್ಲಿ ಇಟ್ಟುಕೊಳ್ಳಲು ಒಂದು 9 ಎಂಎಂ ಪಿಸ್ತೂಲು ಬೇಕು. 250 ಡಾಲರ್ ದಾಟುವ ಮನಸ್ಸಿಲ್ಲ. ಹೈ-ಪಾಯಿಂಟ್ ಎಂಬ ಅಗ್ಗದ ಕಂಪನಿಯ ಹೆಸರೆತ್ತಿದರೆ ಗೆಳೆಯರು ನಗುತ್ತಾರೆ. ಟಾರಸ್ ತಗೋ ಅಂತಾನೆ ಒಬ್ಬ, ಮುಟ್ಟಲೇಬೇಡ ಅಂತಾನೆ ಇನ್ನೊಬ್ಬ. ಅಗ್ಗದ್ದೆಲ್ಲ ಕೆಟ್ಟದ್ದೇನಾ?

ಉತ್ತರ: ನಿಮ್ಮ ಗೆಳೆಯರು ಎರಡು ಬೇರೆ ವಿಷಯಗಳನ್ನು ಬೆರೆಸಿ ಮಾತಾಡುತ್ತಿದ್ದಾರೆ. ಪಿಸ್ತೂಲು ಒರಟಾಗಿರುವುದು ಬೇರೆ, ಅಪಾಯಕಾರಿ ಆಗಿರುವುದು ಬೇರೆ. ಮೊದಲನೆಯದನ್ನು ಸಹಿಸಿಕೊಳ್ಳಬಹುದು.

ಹೈ-ಪಾಯಿಂಟ್ ಸಿ9 ಒರಟು, ನಿಜ. ಮಾಮೂಲಿ 9 ಎಂಎಂ ಪಿಸ್ತೂಲಿನಲ್ಲಿ ಈಡು ಹಾರಿದಾಗ ನಳಿಗೆ ಮತ್ತು ಸ್ಲೈಡ್ (ಮೇಲೆ ಹಿಂದೆ ಮುಂದೆ ಜಾರುವ ಭಾಗ) ಒಂದಕ್ಕೊಂದು ಕಚ್ಚಿಕೊಂಡೇ ಸ್ವಲ್ಪ ಹಿಂದೆ ಸರಿಯುತ್ತವೆ, ಒತ್ತಡ ಇಳಿದ ಮೇಲೆ ಬೇರೆಯಾಗುತ್ತವೆ. ಹೈ-ಪಾಯಿಂಟ್‌ನಲ್ಲಿ ಈ ಕಚ್ಚುವ ಏರ್ಪಾಡೇ ಇಲ್ಲ. ಸ್ಲೈಡಿನ ಭಾರ ಮತ್ತು ಒಂದು ಸ್ಪ್ರಿಂಗ್, ಇವೆರಡೇ ಆ ಹೊಡೆತವನ್ನು ತಡೆಯಬೇಕು. ಅದಕ್ಕೇ ಸ್ಲೈಡ್ ಇಟ್ಟಿಗೆಯಂತೆ ಕಾಣುತ್ತದೆ. ಖಾಲಿ ಪಿಸ್ತೂಲೇ ಸುಮಾರು 820 ಗ್ರಾಂ, ಗುಂಡು ತುಂಬುವ ಮ್ಯಾಗಜಿನ್‌ನಲ್ಲಿ ಬರೀ 8 ಗುಂಡು. ದುಪ್ಪಟ್ಟಿಗಿಂತ ಜಾಸ್ತಿ ಬೆಲೆಯ ಗ್ಲಾಕ್ 19 ಇದಕ್ಕಿಂತ ಹಗುರ, ಅದರಲ್ಲಿ 15 ಗುಂಡು ಹಿಡಿಯುತ್ತದೆ. ಸೊಂಟಕ್ಕೆ ಕಟ್ಟಿಕೊಂಡು ಓಡಾಡುವವರಿಗೆ ಹೈ-ಪಾಯಿಂಟ್ ತಲೆನೋವು. ಡ್ರಾಯರಿನಲ್ಲಿ ಇಡುವವರಿಗೆ, ರೇಂಜಿಗೆ ಒಯ್ಯುವವರಿಗೆ ಭಾರ ದೊಡ್ಡ ವಿಷಯವಲ್ಲ. ಬದಲಿಗೆ ಕೈಗೆ ಒದೆತ ಕಡಿಮೆ.

ಇದರ ಸ್ಲೈಡ್ ಜಮಾಕ್ ಎಂಬ ಸತುವಿನ ಮಿಶ್ರಲೋಹದ ಎರಕ. ಉಕ್ಕನ್ನು ಕಡೆದು ಮಾಡುವುದಕ್ಕಿಂತ ತುಂಬಾ ಅಗ್ಗ. ಈ ಲೋಹಕ್ಕೆ ಕೆಟ್ಟ ಹೆಸರು ಬಂದದ್ದು 1970ರ ನಂತರ ಲಾಸ್ ಏಂಜಲಿಸ್ ಸುತ್ತಮುತ್ತ ಹುಟ್ಟಿಕೊಂಡ ರೇವನ್, ಲೋರ್ಸಿನ್, ಬ್ರೈಕೋ ಕಂಪನಿಗಳ ಪುಟ್ಟ ಪಿಸ್ತೂಲುಗಳಿಂದ. ಆದರೆ ಬ್ರೈಕೋವನ್ನು ಮುಳುಗಿಸಿದ್ದು ಲೋಹವಲ್ಲ, ವಿನ್ಯಾಸ. ಅವರ ಒಂದು ಪಿಸ್ತೂಲಿನಲ್ಲಿ ಗುಂಡು ತೆಗೆಯಬೇಕೆಂದರೆ ಮೊದಲು ಸೇಫ್ಟಿ, ಅಂದರೆ ಈಡು ಹಾರದಂತೆ ತಡೆಯುವ ಕೀಲಿ, ಬಿಡಿಸಬೇಕಿತ್ತು. ಹಾಗೆ ಗುಂಡು ತೆಗೆಯಲು ಹೋದಾಗ ಈಡು ಹಾರಿ, ಏಳು ವರ್ಷದ ಹುಡುಗನಿಗೆ ಕತ್ತಿನಿಂದ ಕೆಳಗೆ ಸ್ವಾಧೀನ ತಪ್ಪಿತು. 2003ರಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ ಕೋಟಿಗಟ್ಟಲೆ ಡಾಲರ್ ಪರಿಹಾರ ಕೊಡಲು ಹೇಳಿತು. ಕಂಪನಿ ದಿವಾಳಿ ಅರ್ಜಿ ಹಾಕಿತು. ಹಳೆ ನೌಕರನೊಬ್ಬ ಅದನ್ನು ಕೊಂಡು ತನ್ನದೇ ಹೆಸರಿಟ್ಟು ನಡೆಸಿದ, 2020ರಲ್ಲಿ ಅದೂ ದಿವಾಳಿಯಾಯಿತು. ಲೈಫ್‌ಟೈಮ್ ವಾರಂಟಿ ಅಂದರೆ ಕಂಪನಿಯ ಲೈಫು, ನಿಮ್ಮದಲ್ಲ! ಹೈ-ಪಾಯಿಂಟ್ ಮಟ್ಟಿಗೆ ಹೇಳುವುದಾದರೆ, ಎಷ್ಟನೇ ಕೈ ಮಾಲಾದರೂ ಅವರು ಪುಕ್ಕಟೆ ರಿಪೇರಿ ಮಾಡಿಕೊಡುತ್ತಾರೆ.

ಇನ್ನು ಟಾರಸ್. ಇಬ್ಬರು ಗೆಳೆಯರೂ ಸರಿ, ಆದರೆ ಬೇರೆ ಬೇರೆ ಕಾಲದ ಪಿಸ್ತೂಲಿನ ಬಗ್ಗೆ ಹೇಳುತ್ತಿದ್ದಾರೆ. ಈ ಬ್ರೆಜಿಲ್ ಕಂಪನಿಯ ಹಳೆಯ ಪಿಟಿ-111 ಮಿಲೇನಿಯಂ, ಪಿಟಿ-24/7 ಸೇರಿ ಒಂಬತ್ತು ಮಾಡೆಲ್‌ಗಳು ಕೆಳಗೆ ಬಿದ್ದರೆ ತಾವಾಗಿ ಹಾರುತ್ತವೆ ಎಂದು 2013ರಲ್ಲಿ ಅಮೆರಿಕದಲ್ಲಿ ಕೇಸು ಬಿತ್ತು. ಕಂಪನಿ ತಪ್ಪೊಪ್ಪಿಕೊಳ್ಳದೆ ರಾಜಿಯಾಯಿತು. ಸುಮಾರು 10 ಲಕ್ಷ ಪಿಸ್ತೂಲುಗಳ ಮಾತು ಅದು. ಆಮೇಲೆ ಬಂದ ಜಿ2ಸಿ, ಜಿ3ಸಿ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ 150 ಡಾಲರ್‌ಗೆ ಹಳೆ ಮಿಲೇನಿಯಂ ಸಿಕ್ಕಿತು ಅಂತ ಯಾರಾದರೂ ತೋರಿಸಿದರೆ ಕೈಮುಗಿದು ಬನ್ನಿ. ಹೊಸ ಜಿ3ಸಿ ನೋಡಬಹುದು.

ದುಡ್ಡು ಜಾಸ್ತಿ ಕೊಟ್ಟರೆ ಈ ಕಾಟ ಇರಲ್ಲ ಅಲ್ವಾ ಅಂತೀರೇನೋ. ಅಮೆರಿಕದ ಸೇನೆಯೇ ಆರಿಸಿಕೊಂಡ ಪಿಸ್ತೂಲಿನ ಮೂಲ ಸಿಗ್ ಪಿ320. ಬಿದ್ದರೆ ಹಾರಬಹುದು ಎಂಬ ಕಾರಣಕ್ಕೆ 2017ರಲ್ಲಿ ಕಂಪನಿಯೇ ಅದರ ಬಿಡಿಭಾಗ ಬದಲಿಸಿಕೊಡಲು ಮುಂದಾಯಿತು. ಅಲ್ಲಿ ಇನ್ನೊಂದು ವಿಚಿತ್ರವಿದೆ. ಮಕ್ಕಳ ಆಟಿಕೆ, ಮಿಕ್ಸರ್ ಸರಿಯಿಲ್ಲದಿದ್ದರೆ ವಾಪಸ್ ತರಿಸುವ ಅಧಿಕಾರವಿರುವ ಗ್ರಾಹಕ ಸುರಕ್ಷತಾ ಆಯೋಗಕ್ಕೆ ಬಂದೂಕಿನ ಮೇಲೆ ಅಧಿಕಾರವಿಲ್ಲ. ಹಾಗಾಗಿ ಪರೀಕ್ಷೆ ಮಾಡುವ ಕೆಲಸ ನಿಮ್ಮ ಮೇಲೇ ಬೀಳುತ್ತದೆ.

ಅದಕ್ಕೆ ಒಂದು ಒಳ್ಳೆಯ ಅಳತೆಗೋಲನ್ನು ಕ್ಯಾಲಿಫೋರ್ನಿಯಾದಿಂದ ಎರವಲು ಪಡೆಯಬಹುದು. ಅಲ್ಲಿ ಪಿಸ್ತೂಲು ಮಾರಾಟಕ್ಕೆ ಬರಬೇಕಾದರೆ 600 ಗುಂಡು ಹಾರಿಸಿ ನೋಡುತ್ತಾರೆ. ಮೊದಲ 20ರಲ್ಲಿ ಗುಂಡು ಸಿಕ್ಕಿಕೊಳ್ಳುವಂಥ ಒಂದೂ ತೊಡಕಾಗಬಾರದು. ಒಟ್ಟು 600ರಲ್ಲಿ ಆರಕ್ಕಿಂತ ಹೆಚ್ಚು ಆಗಬಾರದು. ಸುಮಾರು ಒಂದು ಮೀಟರ್ ಎತ್ತರದಿಂದ ಬೀಳಿಸಿಯೂ ನೋಡುತ್ತಾರೆ. (ಈ ಬೀಳಿಸುವ ಪರೀಕ್ಷೆಯನ್ನು ಮನೆಯಲ್ಲಿ ಮಾಡಬೇಡಿ, ದಯವಿಟ್ಟು.)

ನೀವು 300 ಗುಂಡು ಹಾರಿಸಿದರೆ ಸಾಕು. ಪ್ರತಿ ತೊಡಕನ್ನೂ ಚೀಟಿಯಲ್ಲಿ ಬರೆಯಿರಿ: ಎಷ್ಟನೇ ಗುಂಡು, ಯಾವ ಮ್ಯಾಗಜಿನ್, ಯಾವ ಬ್ರಾಂಡ್ ಗುಂಡು. ಮ್ಯಾಗಜಿನ್‌ಗಳಿಗೆ ಒಂದು, ಎರಡು ಅಂತ ನಂಬರ್ ಹಾಕಿ. ಒಂದೇ ಮ್ಯಾಗಜಿನ್‌ನಲ್ಲಿ ತೊಂದರೆ ಬಂದರೆ ದೋಷ ಪಿಸ್ತೂಲಿನದಲ್ಲ, ಮ್ಯಾಗಜಿನ್‌ನದು. ಹೆಚ್ಚಾಗಿ ಆಗುವುದು ಇದೇ. ನಿಮ್ಮ ಕೈಯಲ್ಲಿ ಸಿಕ್ಕಿಕೊಳ್ಳುತ್ತದೆ, ಇನ್ನೊಬ್ಬರು ಹಾರಿಸಿದರೆ ಸಲೀಸಾಗಿ ಓಡುತ್ತದೆ ಅಂದರೆ ನಿಮ್ಮ ಮಣಿಕಟ್ಟು ಸಡಿಲ. ಹಗುರ ಪಿಸ್ತೂಲುಗಳಲ್ಲಿ ಇದು ಬೇಗ ಗೊತ್ತಾಗುತ್ತದೆ. ಮನೆಗೆ ಇಡುವ ತುದಿ ಟೊಳ್ಳಿನ ಗುಂಡನ್ನೂ ಒಂದೆರಡು ಮ್ಯಾಗಜಿನ್ ಹಾರಿಸಿ. ಉರುಟು ಮೂತಿಯ ಅಗ್ಗದ ಗುಂಡನ್ನು ಸರಾಗ ನುಂಗುವ ಪಿಸ್ತೂಲು ಅದರ ಹತ್ತಿರ ಮುಗ್ಗರಿಸುವುದುಂಟು. ಮೊದಲ ನೂರರಲ್ಲಿ ಒಂದೆರಡು ತೊಡಕಾದರೆ ಕ್ಷಮಿಸುತ್ತೇನೆ. ಕೊನೆಯ ನೂರರಲ್ಲಿ ಆದರೆ ಕ್ಷಮಿಸುವುದಿಲ್ಲ, ಕಂಪನಿಗೆ ವಾಪಸ್ ಕಳಿಸಿ.

ಈ 300 ಗುಂಡಿಗೇ ಹತ್ತಿರ ಹತ್ತಿರ 80-100 ಡಾಲರ್ ಆಗುತ್ತದೆ. ಅದನ್ನು ಬಜೆಟ್ಟಿನಲ್ಲಿ ಸೇರಿಸಿಕೊಂಡೇ ಲೆಕ್ಕ ಹಾಕಿ. ಪೂರ್ತಿ 250 ಪಿಸ್ತೂಲಿಗೇ ಸುರಿದು, ಪರೀಕ್ಷೆ ಮಾಡದೆ ಕಪಾಟಿನಲ್ಲಿಟ್ಟರೆ ಏನೂ ಉಪಯೋಗವಿಲ್ಲ.

ನನ್ನನ್ನು ಕೇಳಿದರೆ ಇನ್ನೊಂದು 50-100 ಡಾಲರ್ ಕೂಡಿಸಿ ಪೊಲೀಸರು ವಾಪಸ್ ಕೊಟ್ಟ ಹಳೆ ಗ್ಲಾಕ್ ಅಥವಾ ಸ್ಮಿತ್ ಆಂಡ್ ವೆಸ್ಸನ್ ಹುಡುಕುತ್ತೇನೆ. ಎಷ್ಟೋ ಪೊಲೀಸ್ ಇಲಾಖೆಗಳು .40 ಎಂಬ ದಪ್ಪ ಗುಂಡಿನ ಪಿಸ್ತೂಲು ಬಿಟ್ಟು 9 ಎಂಎಂಗೆ ಮರಳಿದ್ದರಿಂದ .40 ಪಿಸ್ತೂಲುಗಳು ಅಗ್ಗಕ್ಕೆ ಸಿಗುತ್ತವೆ. ಸೊಂಟದ ಚೀಲಕ್ಕೆ (ಹೋಲ್‌ಸ್ಟರ್) ಉಜ್ಜಿ ಹೊರಗಿನ ಬಣ್ಣ ಹೋಗಿರುತ್ತದೆ, ಒಳಗೆ ಹೆಚ್ಚು ಸವೆದಿರುವುದಿಲ್ಲ. ಒದೆತ ಜಾಸ್ತಿ, ಗುಂಡೂ ತುಸು ದುಬಾರಿ, ಅದನ್ನು ಮರೆಯಬೇಡಿ. ಮನೆಯಲ್ಲಿ ಮಕ್ಕಳಿದ್ದರೆ, ಅಂಗಡಿಯವರು ಜೊತೆಗೆ ಕೊಡುವ ಬೀಗ ಸಾಲದು. ಗಟ್ಟಿ ಪೆಟ್ಟಿಗೆಯೊಂದನ್ನು ಮೊದಲು ತಗೊಳ್ಳಿ, ಪಿಸ್ತೂಲು ಆಮೇಲೆ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಅಗ್ಗದ ಪಿಸ್ತೂಲು ಒಂದನ್ನು ಗೆಳೆಯನ ಹೆಸರಲ್ಲಿ ತಗೊಂಡು ಇಟ್ಟುಕೊಳ್ಳಬಹುದಾ?

ಉತ್ತರ: ಬೇಡವೇ ಬೇಡ. ನಿಮ್ಮ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ರೇಂಜಿನಲ್ಲಿ ಬಾಡಿಗೆಗೆ ಹಿಡಿದರೂ ಅದೇ ಲೆಕ್ಕ. ಅಲ್ಲಿನ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಸಿಗುತ್ತದೆ. ಮೊದಲು ಅದನ್ನು ಮಾಡಿಸಿ, ವಕೀಲರೊಬ್ಬರನ್ನೂ ಕೇಳಿ. ಗೆಳೆಯನ ಹೆಸರಲ್ಲಿ ನಿಮಗಾಗಿ ಕೊಂಡರೆ ಇಬ್ಬರೂ ಸಿಕ್ಕಿಬೀಳುತ್ತೀರಿ. 2022ರ ಕಾನೂನಿನ ಪ್ರಕಾರ ಅದಕ್ಕೆ 15 ವರ್ಷದವರೆಗೆ ಜೈಲು.