ಅಮೆರಿಕದಲ್ಲಿ ಫಿಲಿಪಿನೋ ನರ್ಸ್‌ಗಳೇ ಯಾಕೆ ಇಷ್ಟೊಂದು?

ಕ್ಯಾಲಿಫೋರ್ನಿಯಾದಲ್ಲಿ ನಿಮ್ಮ ಚಿಕ್ಕಮ್ಮ ಅಡ್ಮಿಟ್ ಆಗಿದ್ದಾಗ ವಾರ್ಡಲ್ಲಿ ಅರ್ಧಕ್ಕರ್ಧ ಫಿಲಿಪಿನೋ ನರ್ಸ್‌ಗಳೇ ಇದ್ರು, ಇಂಗ್ಲಿಷ್ ಚೆನ್ನಾಗಿ ಬರುತ್ತೆ ಅಂತಾನಾ ಅಂದ್ರಲ್ಲ. ಇಂಗ್ಲಿಷ್ ಒಂದು ಕಾರಣ ಹೌದು ಸರ್, ಆದ್ರೆ ಆ ಇಂಗ್ಲಿಷ್ ಅಲ್ಲಿಗೆ ಹೋಗಿದ್ದು ಹೇಗೆ ಅನ್ನೋದ್ರಲ್ಲೇ ಇದೆ ಕಥೆಯೆಲ್ಲ. 1898ರಲ್ಲಿ ಸ್ಪೇನ್ ಕೈಯಿಂದ ಫಿಲಿಪೀನ್ಸ್ ಅಮೆರಿಕದ ಕೈಗೆ ಬಂತು, ಅವರು ಅಲ್ಲಿ ನರ್ಸಿಂಗ್ ಸ್ಕೂಲ್ ಶುರು ಮಾಡಿದ್ರು, ಪಾಠ ಇಂಗ್ಲಿಷಲ್ಲಿ, ಪದ್ಧತಿಯೂ ಅಮೆರಿಕದ್ದೇ. ಅಂದ್ರೆ ಹುಡುಗೀರು ಮನಿಲಾದಲ್ಲಿ ಕಲೀತಾ ಇದ್ರೂ ಅಮೆರಿಕದ ವಾರ್ಡಿಗೆ ರೆಡಿ ಆಗ್ತಾ ಇದ್ರು!

ಆಮೇಲೆ 1948ರಲ್ಲಿ ಅಮೆರಿಕದ ಎಕ್ಸ್‌ಚೇಂಜ್ ಪ್ರೋಗ್ರಾಂ ಬಂತು, ಎರಡು ವರ್ಷ ಕಲಿಯೋಕೆ ಬನ್ನಿ ಅಂತ ಕರೆದು ಕೈಗೊಂದಿಷ್ಟು ಸ್ಟೈಪೆಂಡ್ ಕೊಟ್ಟು ಎಷ್ಟೋ ಆಸ್ಪತ್ರೆಗಳು ಪೂರ್ತಿ ನರ್ಸ್ ಕೆಲಸಾನೇ ಮಾಡಿಸ್ಕೊಂಡ್ವು (ಅಗ್ಗದ ಕೂಲಿ ಅಂತಾನೇ ಹೇಳ್ಬೇಕು). 1965ರ ವಲಸೆ ಕಾನೂನು ಬಂದ್ಮೇಲೆ ಅಲ್ಲೇ ನೆಲೆಸೋಕೂ ದಾರಿ ಆಯ್ತು. ಊರಲ್ಲಿ ಸಂಬಳ ಕಮ್ಮಿ, ಡಾಲರ್ ಮನೆಗೆ ಬರ್ಲಿ ಅಂತ ಫಿಲಿಪೀನ್ಸ್ ಸರ್ಕಾರಾನೂ ಕಳಿಸ್ತಾ ಹೋಯ್ತು.

ಆದ್ರೆ ಅವರಿಗೆ ಸಿಗೋದು ಹೆಚ್ಚಾಗಿ ಐಸಿಯು, ರೋಗಿ ಪಕ್ಕದಲ್ಲೇ ಇರೋ ಡ್ಯೂಟಿ. ಕೋವಿಡ್ ಟೈಮಲ್ಲಿ ಅದರ ಬೆಲೆ ಗೊತ್ತಾಯ್ತು, ಅಮೆರಿಕದ ನರ್ಸ್‌ಗಳಲ್ಲಿ ಇವರು ಸುಮಾರು ಶೇ. 4, ಆದ್ರೆ 2020ರಲ್ಲಿ ನರ್ಸ್‌ಗಳ ಯೂನಿಯನ್ ಲೆಕ್ಕ ಹಾಕಿದಾಗ ಸತ್ತ ನರ್ಸ್‌ಗಳಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಇವರೇ.

ಬ್ರಿಟನ್ನಲ್ಲೂ ಹಾಗೇ, 2020ರ ಡಿಸೆಂಬರ್ 8ಕ್ಕೆ ಕವೆಂಟ್ರಿಯಲ್ಲಿ, ಟ್ರಯಲ್ ಬಿಟ್ರೆ ಅಲ್ಲಿನ ಮೊದಲ ಕೋವಿಡ್ ಲಸಿಕೆ ಚುಚ್ಚಿದ ನರ್ಸ್ ಮೇ ಪಾರ್ಸನ್ಸ್ ಕೂಡ ಫಿಲಿಪೀನ್ಸ್‌ನವರೇ.