ಉತ್ತರ ಬೇಡ, ಬಿಡಿಸಿದ ದಾರಿ ಬರೆಯಿರಿ

ನಮಸ್ಕಾರ. ಪದಬಂಧದಲ್ಲಿ ಎರಡರ್ಥದ ಸುಳಿವುಗಳನ್ನು ಬಿಡಿಸುವುದು ಹೇಗೆ ಅಂತ ಕಾರವಾರದಿಂದ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಪುಟ ಪೂರ್ತಿ ತೆಗೆಯಿರಿ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಆರ್ಥರ್ ವಿನ್ ಮೊದಲ ಪದಬಂಧ ಕೊಟ್ಟದ್ದು ನಿಜ. ಪೆನ್ಸಿಲ್ ಹಿಡಿದು ಕೂತವರಿಗೆ ಅದರಿಂದ ಒಂದು ಚೌಕವೂ ತುಂಬುವುದಿಲ್ಲ. ಆಮೇಲೆ ನಲವತ್ತು ಪದಗಳ ಪಟ್ಟಿ: ಹತ್ತು ಅಂದರೆ ಸಂಖ್ಯೆ, ಏರು, ಕಾಡು ಅಂದರೆ ಅಡವಿ, ಪೀಡಿಸು. ಅದು ನಿಘಂಟಿನ ಕೆಲಸ, 1894ರಲ್ಲೇ ಕಿಟೆಲ್ ಮಾಡಿಟ್ಟಿದ್ದಾರೆ. ಪಟ್ಟಿಯನ್ನು ಬಾಯಿಪಾಠ ಮಾಡಿದವರೂ ಸುಳಿವಿನ ಮುಂದೆ ತಡವರಿಸುತ್ತಾರೆ, ಯಾಕೆಂದರೆ ಅಲ್ಲಿ ಇಂಥ ಪದಕ್ಕೆ ಎರಡರ್ಥ ಇದೆ ಅಂತ ಯಾರೂ ಬರೆದಿರುವುದಿಲ್ಲ.

ಮೂರನೇ ಪುಟದಲ್ಲಿ ‘ದೊರೆಯನ್ನು ಹುಡುಕು (3)’ ಅಂತ ಒಂದು ಸುಳಿವು ಕೊಟ್ಟಿದ್ದೀರಿ. ಉತ್ತರ ಅರಸು ಅಂತ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ನಿಮ್ಮ ಲೇಖನ ಇರುವುದೇ ಅಲ್ಲಿ! ಓದಿದ ಕೂಡಲೇ ನಾನು ದೊರೆಗಳನ್ನು ಹುಡುಕಲು ಹೊರಟೆ. ಒಡೆಯ, ಭೂಪತಿ, ನೃಪತಿ, ಎಲ್ಲಕ್ಕೂ ಮೂರೇ ಅಕ್ಷರ, ಎಲ್ಲವೂ ಕೂರುತ್ತವೆ. ಮೇಲಿನಿಂದ ಕೆಳಕ್ಕೆ ಬಂದ ಪದ ನಡುವಿನ ಚೌಕದಲ್ಲಿ ‘ರ’ ಇಟ್ಟಾಗ ಮೂರೂ ಬಿದ್ದುಹೋದವು. ಆಗ ಹೊಳೆಯುತ್ತದೆ, ‘ಹುಡುಕು’ ಅನ್ನುವುದು ನನಗೆ ಹೇಳಿದ ಮಾತಲ್ಲ, ಅದೂ ಉತ್ತರದ ಇನ್ನೊಂದು ಅರ್ಥವೇ. ಎರಡರ್ಥದ ಸುಳಿವೆಂದರೆ ಎರಡು ತುಂಡುಗಳನ್ನು ಒಂದೇ ಮಾತಿನ ಹಾಗೆ ಅಂಟಿಸಿದ್ದು, ಇಲ್ಲಿ ಅಂಟು ಆ ‘ಅನ್ನು’. ಬಿಡಿಸುವವರು ಮೊದಲು ಮಾಡಬೇಕಾದ್ದು ಮಾತು ಕಟ್ಟಿಕೊಡುವ ಚಿತ್ರವನ್ನು ಮರೆತು, ಎಲ್ಲಿ ಕತ್ತರಿಸಬೇಕು ಅಂತ ನೋಡುವುದು. ಈ ತಡಕಾಟ, ಈ ಹೊಳಹು ನಿಮಗೂ ಆಗಿರುತ್ತದೆ ಅಲ್ವಾ? ಅದನ್ನೇ ಯಾಕೆ ಬಚ್ಚಿಟ್ಟಿರಿ?

ಇನ್ನೊಂದು ವಿಷಯ ನಿಮ್ಮ ಪಟ್ಟಿಯಲ್ಲೇ ಇದೆ, ನೀವು ಗಮನಿಸಿಲ್ಲ. ಆರು, ಏಳು, ಹತ್ತು, ಕಾಡು, ಅರಸು: ಎಲ್ಲದರಲ್ಲೂ ಒಂದು ಅರ್ಥ ಹೆಸರೋ ಎಣಿಕೆಯೋ, ಇನ್ನೊಂದು ಕ್ರಿಯೆ. ಕನ್ನಡದಲ್ಲಿ ಕ್ರಿಯೆಯ ಮೂಲರೂಪವೇ ಅಪ್ಪಣೆಯೂ ಆಗುತ್ತದೆ, ಹಾಗಾಗಿ ಸುಳಿವು ಯಾರಿಗೋ ಏನೋ ಮಾಡು ಅಂತ ಹೇಳುತ್ತಿದ್ದರೆ ಅಲ್ಲಿ ಅನುಮಾನ ಪಡಬೇಕು. ‘ವಾರದ ದಿನಗಳಷ್ಟು ಮಲಗಿದ್ದು ಸಾಕು (2)’ ಅಂದರೆ ಏಳು. ಇದೊಂದನ್ನು ವಿವರಿಸಿದರೆ ಪಟ್ಟಿಯ ಅರ್ಧ ಬೇಕಾಗುವುದಿಲ್ಲ.

ಹಾಲು, ಹಾಳು ಜೋಡಿ ತೆಗೆದುಹಾಕಿ. ಕಿವಿಗೆ ಹತ್ತಿರ ಅನಿಸಿದರೂ ಚೌಕಕ್ಕೆ ಲು ಬೇರೆ, ಳು ಬೇರೆ.

ಉದಾಹರಣೆಗಳು ಎಲ್ಲಿಂದಲೋ ತಂದಂತಿವೆ, ಇದು ನನಗೆ ಜಾಸ್ತಿ ಬೇಸರವಾದ ಸಂಗತಿ. ನಿಮ್ಮ ಮನೆ ಮುಂದೆಯೇ ಕಾಳಿ ಕಡಲು ಸೇರುತ್ತಾಳೆ. ನದಿಯೂ ಹೌದು, ದೇವಿಯೂ ಹೌದು. ತೆರೆ ಅಂದರೆ ಕಡಲಿನದು, ಯಕ್ಷಗಾನದಲ್ಲಿ ಇಬ್ಬರು ಹಿಡಿದು ನಿಲ್ಲುವಂಥದ್ದು, ಬಾಗಿಲಿಗೆ ಮಾಡುವ ಕೆಲಸ, ಬಸವಣ್ಣನ ವಚನದಲ್ಲಿ ಗಲ್ಲದ ಸುಕ್ಕು. ಒಂದು ಪದಕ್ಕೆ ನಾಲ್ಕು ಬಾಗಿಲು! ಇಲ್ಲಿ ಶಿರಸಿಯಲ್ಲಿ ಅಡಿಕೆ ಬೆಳೆಯುವವರಿಗೆ ಕೊನೆ ಅಂದರೆ ಮೊದಲು ನೆನಪಾಗುವುದು ಮರದ ಮೇಲಿನ ಗೊಂಚಲು, ಮುಕ್ತಾಯ ಆಮೇಲೆ. ಬೆಟ್ಟ ಅಂದರೆ ತೋಟಕ್ಕೆ ಸೊಪ್ಪು ತರುವ ಜಾಗ, ಅದು ಎತ್ತರ ಇರಲೇಬೇಕೆಂದಿಲ್ಲ. ಮೈಸೂರಿನವರಿಗೆ ಇದು ಹೊಳೆಯದು ನಿಜ, ಆದರೆ ‘ತೋಟಕ್ಕೆ ಸೊಪ್ಪು ಕೊಡುವ ಗುಡ್ಡ (2)’ ಅಂತ ಕೇಳಿದರೆ ಗುಡ್ಡದ ಕಡೆಯಿಂದಾದರೂ ಅವರು ಬಂದು ಸೇರುತ್ತಾರೆ. ಎರಡು ದಾರಿಯಲ್ಲಿ ಒಂದಾದರೂ ಎಲ್ಲರಿಗೂ ತೆರೆದಿರಬೇಕು, ಸ್ಥಳೀಯ ಪದ ಬಳಸುವಾಗ ನಾನು ನೋಡುವುದು ಇಷ್ಟೇ.

ಮೂರೇ ಸುಳಿವು ತೆಗೆದುಕೊಳ್ಳಿ. ಒಂದೊಂದರಲ್ಲೂ ನೀವು ಎಲ್ಲಿ ದಾರಿ ತಪ್ಪಿದಿರಿ, ಯಾವ ಅಕ್ಷರ ಬಂದ ಮೇಲೆ ತಿರುಗಿದಿರಿ ಅಂತ ಬರೆಯಿರಿ. ಒಂದಾದರೂ ನಿಮಗೆ ಬಿಡಿಸಲಾಗದೆ ಉಳಿದದ್ದಿರಲಿ. ಕೊನೆಕೊಯ್ಲು ಶುರುವಾಗುವ ಮೊದಲು ಕಳಿಸಿದರೆ ಕೂತು ಓದುತ್ತೇನೆ.