ಟಿಬೆಟಿಯನ್ ಮಕ್ಕಳಿಗೆ ಉಚಿತ ಶಿಬಿರ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಪಿರಿಯಾಪಟ್ಟಣ ತಾಲ್ಲೂಕಿನ ಶಿಕ್ಷಕಿ, ಶಾಲೆಯ ಗೈಡ್ ಕ್ಯಾಪ್ಟನ್. ಬೈಲಕುಪ್ಪೆಯ ಟಿಬೆಟಿಯನ್ ನಿರಾಶ್ರಿತ ಹುಡುಗಿಯರಿಗೆ ಉಚಿತವಾಗಿ ಗೈಡಿಂಗ್ (ಹುಡುಗಿಯರ ಸ್ಕೌಟಿಂಗ್), ಶಿಬಿರ ನಡೆಸುವ ಆಸೆಯಿದೆ. ಅವರಿಗೆ ಪ್ರತ್ಯೇಕ ದಳ ಮಾಡಬೇಕಾ? ಖರ್ಚಿಗೆ ಏನು ಮಾಡಲಿ?

ಉತ್ತರ: ಪ್ರತ್ಯೇಕ ದಳ ಖಂಡಿತ ಬೇಡ, ಮೇಡಂ. 1960ರ ಹೊತ್ತಿಗೆ ಆಗಿನ ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆಯಲ್ಲಿ ಕಾಡು ಕಡಿದು, ಮುಸುಕಿನ ಜೋಳ ಬಿತ್ತಿ ಊರು ಕಟ್ಟಿದವರ ಮೊಮ್ಮಕ್ಕಳು, ಮರಿಮಕ್ಕಳು ಇವರು. ಹೆಚ್ಚಿನವರು ಹುಟ್ಟಿದ್ದೇ ಇಲ್ಲಿ. ನಿಮ್ಮ ಶಾಲೆಯ ಮಕ್ಕಳೂ ಇವರೂ ಕುಶಾಲನಗರದ ಅದೇ ಅಂಗಡಿಗಳಿಗೆ ಹೋಗುತ್ತಾರೆ, ಆದರೆ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ‘ಪಾಪ, ನಿರಾಶ್ರಿತರು’ ಅಂತ ಬೇರೆ ಕೂರಿಸಿದರೆ ಈ ದೂರ ಇನ್ನೂ ಜಾಸ್ತಿ ಆಗುತ್ತದೆ, ಅಲ್ವಾ? ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಮೊದಲ ಶಿಬಿರದಲ್ಲೂ ಶ್ರೀಮಂತರ ಹುಡುಗರನ್ನೂ ಕಾರ್ಮಿಕರ ಹುಡುಗರನ್ನೂ ಒಂದೇ ಪೆಟ್ರೋಲ್‌ಗೆ, ಅಂದರೆ ದಳದೊಳಗಿನ ಚಿಕ್ಕ ಗುಂಪಿಗೆ, ಹಾಕಿದ್ದರು.

ಆರೇಳು ಹುಡುಗಿಯರ ಪೆಟ್ರೋಲ್ ಮಾಡಿ, ಅರ್ಧ ಅವರು, ಅರ್ಧ ನಿಮ್ಮವರು. ಮೊದಲ ದಿನವೇ ಪಾತ್ರೆಯಿಲ್ಲದ ಅಡುಗೆ ಇಡಿ. ನಾನು ನಡೆಸಿದ ಇಂಥ ಒಂದು ಶಿಬಿರದಲ್ಲಿ ಸೌದೆ ಒದ್ದೆಯಾಗಿತ್ತು. ಹಳ್ಳಿಯ ಹುಡುಗಿ ಮಚ್ಚಿನಿಂದ ಅದನ್ನು ಸೀಳಿ, ಒಳಗಿನ ಒಣ ತಿರುಳಿನ ಚೂರು ತೆಗೆದು ಬೆಂಕಿ ಹೊತ್ತಿಸಿದಳು. ಟಿಬೆಟಿಯನ್ ಹುಡುಗಿ ಮೈದಾಹಿಟ್ಟು ನಾದಿ, ಬಾಲೆಪ್ ಅನ್ನುವ ದಪ್ಪ ಟಿಬೆಟಿಯನ್ ರೊಟ್ಟಿ ತಟ್ಟಿ, ಕಾದ ಚಪ್ಪಡಿ ಕಲ್ಲಿನ ಮೇಲೆ ಹಾಕಿದಳು. ಪಕ್ಕದಲ್ಲೇ ರಾಗಿ ರೊಟ್ಟಿ. ಎರಡೂ ಒಂದು ಕಡೆ ಸೀದಿದ್ದವು, ಆದರೂ ಒಂದು ಚೂರು ಉಳಿಯಲಿಲ್ಲ. ನಾನು ಪರಿಚಯ ಮಾಡಿಸಬೇಕಾಗಿಯೇ ಬರಲಿಲ್ಲ.

ಖರ್ಚಿನ ಬಗ್ಗೆ ಹೆದರಬೇಡಿ. ಟೆಂಟ್ ಕೊಳ್ಳಬೇಕಿಲ್ಲ. ಟಾರ್ಪಾಲು, ಬಿದಿರು, ಹಗ್ಗ ಸಾಕು, ಗಂಟು ಹಾಕುವುದನ್ನೂ ಅದರಲ್ಲೇ ಕಲಿಯುತ್ತಾರೆ. ಗೈಡ್ ಆಗಿ ಸೇರುವಾಗಿನ ಪ್ರತಿಜ್ಞೆ ಆಗುವ ತನಕ ಸಮವಸ್ತ್ರದ ಮಾತೇ ಎತ್ತಬೇಡಿ. ಆಮೇಲೂ ಅದನ್ನು ದಳದಿಂದಲೇ ಕೊಡಿ, ಎಲ್ಲರಿಗೂ. ಉಚಿತ ಅಂತ ಕರೆದು ಆಮೇಲೆ ಶೂ ತನ್ನಿ, ಬಸ್ ಚಾರ್ಜ್ ತನ್ನಿ ಅಂದರೆ ಬಡವರ ಮಗು ಸುಮ್ನೆ ಬರುವುದನ್ನು ಬಿಟ್ಟುಬಿಡುತ್ತದೆ.

ಪ್ರತಿಜ್ಞೆಯ ವಿಷಯ ಸೂಕ್ಷ್ಮ. ನಮ್ಮಲ್ಲಿ ‘ದೇವರು’ ಬದಲು ‘ಧರ್ಮ’ ಅನ್ನಬಹುದು, ಬೌದ್ಧ ಮಕ್ಕಳಿಗೆ ಅದು ಅನುಕೂಲ. ಪ್ರತಿಜ್ಞೆಯಲ್ಲಿ ಬರುವ ‘ನನ್ನ ದೇಶ’ ಯಾವುದು ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಬ್ರಿಟನ್ನಿನ ಸ್ಕೌಟ್ಸ್‌ನಲ್ಲಿ ಹೊರದೇಶದ ಮಕ್ಕಳಿಗೆ ‘ಈಗ ನಾನು ಬಾಳುತ್ತಿರುವ ದೇಶ’ ಎನ್ನಲು ಅವಕಾಶವಿದೆ. ಇಲ್ಲಿ ಹೇಗೆ ಅಂತ ಸ್ಕೌಟ್ಸ್ ಮತ್ತು ಗೈಡ್ಸ್ ಜಿಲ್ಲಾ ಸಂಸ್ಥೆಯವರನ್ನೂ ಟಿಬೆಟಿಯನ್ ಕ್ಯಾಂಪಿನ (ವಸತಿಯ) ಹಿರಿಯರನ್ನೂ ಮೊದಲೇ ಕೂರಿಸಿ ಮಾತಾಡಿ.

ಚಳಿಗಾಲದಲ್ಲಿ ಎಷ್ಟೋ ಅಪ್ಪ ಅಮ್ಮಂದಿರು ಸ್ವೆಟರ್ ವ್ಯಾಪಾರಕ್ಕೆ ಊರೂರು ಸುತ್ತುತ್ತಾರೆ. ಮನೆಯಲ್ಲಿ ಅಜ್ಜಿ ತಾತ ಅಷ್ಟೇ. ಮಕ್ಕಳಿಗೆ ಜೊತೆ ಬೇಕಾಗುವ ಕಾಲವೇ ಅದು, ಮಳೆಯೂ ಇರುವುದಿಲ್ಲ. ಒಪ್ಪಿಗೆ ಕೇಳಲು ಆ ಅಜ್ಜಿಯಂದಿರ ಹತ್ತಿರ ನೀವೇ ಹೋಗಿ. ಟಿಬೆಟಿಯನ್ ಬಲ್ಲ ಶಿಕ್ಷಕಿ ಜೊತೆಗಿರಲಿ. ಫೆಬ್ರವರಿ, ಮಾರ್ಚ್‌ನಲ್ಲಾದರೆ ಟಿಬೆಟಿಯನ್ನರ ಹೊಸವರ್ಷವಾದ ಲೋಸಾರ್ ಹಬ್ಬದ ದಿನ ಬಿಟ್ಟು ಶಿಬಿರ ಇಡಿ. ಮೊದಲ ರಾತ್ರಿ ಶಿಬಿರ ಶಾಲೆಯ ಮೈದಾನದಲ್ಲೇ ಆಗಲಿ. ಕಾಡಂಚು ಬೇಡ, ಆ ಕಡೆ ಆನೆ ಓಡಾಡುತ್ತವೆ.